ಆ ಗೋಲು ಯಾಕೆ ಕೊಡಲಿಲ್ಲ? ಟೀವಿ ಫುಟ್‌ಬಾಲ್‌ನ ಕ್ಯಾಮೆರಾ, ರೀಪ್ಲೇ, ವಿಎಆರ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಕೋಡಿಬಾಗದಲ್ಲಿ ನಾವೊಂದಿಷ್ಟು ಜನ ಪರದೆ ಕಟ್ಟಿ ಫುಟ್‌ಬಾಲ್ ನೋಡುತ್ತೇವೆ. ಬೇಸಿಗೆಯಲ್ಲಿ ಬಯಲಲ್ಲಿ, ಮಳೆಗಾಲದಲ್ಲಿ ಬಲೆ ಇಡುವ ಶೆಡ್ಡಿನೊಳಗೆ. ರೆಫರಿ ಕಿವಿಗೆ ಬೆರಳಿಟ್ಟು ನಿಂತರೆ ಸಾಕು, ಪರದೆ ಮೇಲಿನ ಆಟ ನಿಂತು ಶೆಡ್ಡಿನೊಳಗಿನ ಆಟ ಶುರುವಾಗುತ್ತದೆ. ನಾನು ಕೆಲವು ಸೀಸನ್ ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ಕ್ಯಾಮೆರಾದವರ ಹಿಂದೆ ಕೇಬಲ್ ಎಳೆದವನು. ಆ ಒಂದೇ ಕಾರಣಕ್ಕೆ ಎಲ್ಲ ಪ್ರಶ್ನೆಗಳೂ ನನ್ನ ತಲೆಗೇ ಬರುತ್ತವೆ. ಒಬ್ಬೊಬ್ಬರಿಗೆ ಹತ್ತತ್ತು ಸಲ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಬರೆದೇ ಇಟ್ಟಿದ್ದೇನೆ.

ಒಂದು ಪಂದ್ಯಕ್ಕೆ ಎಷ್ಟು ಕ್ಯಾಮೆರಾ ಇರುತ್ತವೆ?

ಪಂದ್ಯ ಎಷ್ಟು ದೊಡ್ಡದೋ ಅಷ್ಟು. 2018ರ ರಷ್ಯಾ ವಿಶ್ವಕಪ್‌ನಲ್ಲಿ ಪ್ರಸಾರದ 33 ಕ್ಯಾಮೆರಾಗಳ ದೃಶ್ಯ ವಿಎಆರ್ (ವಿಡಿಯೋ ನೋಡಿ ತೀರ್ಪು ಪರಿಶೀಲಿಸುವ ರೆಫರಿ) ಕೋಣೆಗೆ ಹೋಗುತ್ತಿತ್ತು, ಆಫ್‌ಸೈಡ್ (ಪಾಸು ಕೊಟ್ಟ ಕ್ಷಣದಲ್ಲಿ ಎದುರಾಳಿ ಡಿಫೆಂಡರ್‌ಗಳಿಗಿಂತ ಮುಂದೆ, ಗೋಲಿನ ಹತ್ತಿರ ಇರುವ ತಪ್ಪು) ನೋಡುವುದಕ್ಕೆಂದೇ ಇನ್ನೆರಡು. 2022ರಲ್ಲಿ ಕತಾರ್‌ನಲ್ಲಿ ಅದು 42 ಆಯಿತು. ನಾನು ಕೇಬಲ್ ಸುತ್ತುತ್ತಿದ್ದ ಪಂದ್ಯಗಳಲ್ಲಿ ಇದರ ಅರ್ಧವೂ ಇರಲಿಲ್ಲ.

ಆದರೆ ಲೆಕ್ಕಕ್ಕಿಂತ ಜಾಗ ಮುಖ್ಯ. ಮಧ್ಯಗೆರೆಯ ನೇರಕ್ಕೆ ಎತ್ತರದ ಅಟ್ಟದ ಮೇಲೆ ಮುಖ್ಯ ಕ್ಯಾಮೆರಾ. ಅದರ ಪಕ್ಕದಲ್ಲೇ ಮುಖ ಹಿಡಿಯುವ ಕ್ಲೋಸಪ್ ಕ್ಯಾಮೆರಾ. ಎರಡೂ ಪೆನಾಲ್ಟಿ ಪೆಟ್ಟಿಗೆಗಳ ಅಂಚಿನ ನೇರಕ್ಕೆ ಒಂದೊಂದು. ಗೋಲಿನ ಹಿಂದೆ ಎತ್ತರದಲ್ಲಿ ಒಂದು, ನೆಲಮಟ್ಟದಲ್ಲಿ ಒಂದು. ಸೊಂಟಕ್ಕೆ ಕಟ್ಟಿಕೊಂಡು ಬದಿಗೆರೆಯಲ್ಲಿ ಓಡುವವನು ಒಬ್ಬ. ಆ ಓಡುವವನ ಹಿಂದೆ ಕೇಬಲ್ ಸಿಕ್ಕಿಕೊಳ್ಳದ ಹಾಗೆ ಓಡುವವನು ಇನ್ನೊಬ್ಬ. ಅದು ನಾನು. ಟೀವಿಯಲ್ಲಿ ಒಮ್ಮೆಯೂ ಬಂದಿಲ್ಲ, ಬಂದಿದ್ದರೆ ಬೈಸಿಕೊಳ್ಳುತ್ತಿದ್ದೆ.

ಅಷ್ಟೊಂದು ಇದ್ದರೂ ಹೆಚ್ಚಿನ ಹೊತ್ತು ಒಂದೇ ಕಡೆಯಿಂದ ಯಾಕೆ ತೋರಿಸುತ್ತಾರೆ?

ದಿಕ್ಕು ತಪ್ಪಬಾರದು ಅಂತ. ಎಡದಿಂದ ಬಲಕ್ಕೆ ನುಗ್ಗುತ್ತಿರುವ ತಂಡವನ್ನು ಆಚೆ ಬದಿಯ ಕ್ಯಾಮೆರಾದಿಂದ ತೋರಿಸಿದರೆ ಬಲದಿಂದ ಎಡಕ್ಕೆ ಓಡುತ್ತಿರುವ ಹಾಗೆ ಕಾಣುತ್ತದೆ. ಹಾಗಾಗಿ ನೇರ ಪ್ರಸಾರದ ಕ್ಯಾಮೆರಾಗಳು ಮೈದಾನದ ಒಂದೇ ಬದಿಗಿರುತ್ತವೆ. ಎದುರು ಬದಿಯದನ್ನು ರೀಪ್ಲೇಗೆ ಮಾತ್ರ ಬಳಸುತ್ತಾರೆ, ಮೂಲೆಯಲ್ಲಿ ಅದನ್ನು ಬರೆದೂ ತೋರಿಸುತ್ತಾರೆ.

ಇನ್ನೊಂದು ಸಂಗತಿ. ಕ್ರೀಡಾಂಗಣದ ಹೊರಗೆ ಲಾರಿಯಷ್ಟು ಉದ್ದದ ಪ್ರಸಾರದ ವಾಹನ ನಿಂತಿರುತ್ತದೆ, ಓಬಿ ವ್ಯಾನ್ ಅನ್ನುತ್ತಾರೆ. ಒಳಗೆ ಗೋಡೆ ತುಂಬ ಮಾನಿಟರ್. ನಿರ್ದೇಶಕ "ಎರಡು... ಒಂದು... ಐದು" ಎಂದು ಕ್ಯಾಮೆರಾ ಸಂಖ್ಯೆ ಕೂಗುತ್ತಿರುತ್ತಾನೆ, ಪಕ್ಕದವನು ಗುಂಡಿ ಒತ್ತುತ್ತಿರುತ್ತಾನೆ. ನಾವು ಮನೆಯಲ್ಲಿ ನೋಡುವುದು ಆ ಮನುಷ್ಯ ಆರಿಸಿದ ಆಟವನ್ನು. ವಿಶ್ವಕಪ್‌ನಂಥ ಕಡೆ ಇಡೀ ಜಗತ್ತಿಗೆ ಒಂದೇ ದೃಶ್ಯ ಹೋಗುತ್ತದೆ, ನಮ್ಮ ಚಾನೆಲ್‌ನವರು ಅದರ ಮೇಲೆ ವೀಕ್ಷಕ ವಿವರಣೆ ಕೂರಿಸುತ್ತಾರೆ. ಆದ್ದರಿಂದ "ಆ ರೀಪ್ಲೇ ಯಾಕೆ ತೋರಿಸಲಿಲ್ಲ" ಎಂದು ನಮ್ಮ ಚಾನೆಲ್‌ಗೆ ಬೈದು ಉಪಯೋಗವಿಲ್ಲ.

ರೀಪ್ಲೇ ಅಷ್ಟು ಬೇಗ ಹೇಗೆ ಬರುತ್ತದೆ?

ಓಬಿ ವ್ಯಾನಿನಲ್ಲಿ ರೀಪ್ಲೇ ಸರ್ವರ್ ಇರುತ್ತದೆ. ಎಲ್ಲ ಕ್ಯಾಮೆರಾಗಳ ದೃಶ್ಯವೂ ಅದರೊಳಗೆ ಸದಾ ದಾಖಲಾಗುತ್ತಿರುತ್ತದೆ. ಈ ಕೆಲಸದವರು ಅದನ್ನು 'ಇವಿಎಸ್' ಅಂತಲೇ ಕರೆಯುತ್ತಾರೆ. ಅದು ಬೆಲ್ಜಿಯಂನ ಕಂಪನಿಯೊಂದರ ಹೆಸರು, ಜೆರಾಕ್ಸ್ ಅನ್ನುವ ಹಾಗೆ ಯಂತ್ರಕ್ಕೂ ಅದೇ ನಿಂತಿದೆ. ಕೂತವನ ಕೈಯಲ್ಲಿ ಒಂದು ತಿರುಗುವ ಚಕ್ರ, ಒಂದು ಹಿಡಿಕೆ. ಚಕ್ರ ಹಿಂದಕ್ಕೆ ತಿರುಗಿಸಿ ಜಾಗ ಹುಡುಕುತ್ತಾನೆ, ಹಿಡಿಕೆಯಿಂದ ವೇಗ ಹಿಡಿಯುತ್ತಾನೆ. ಆಟಗಾರ ಸಂಭ್ರಮಿಸಿ ಮುಗಿಸುವುದರೊಳಗೆ ನಾಲ್ಕು ಕೋನ ತಯಾರು.

ಮೊದಲು ಹೀಗಿರಲಿಲ್ಲ. 1963ರ ಡಿಸೆಂಬರ್ 7ರಂದು ಅಮೆರಿಕದ ಸೇನೆ ಮತ್ತು ನೌಕಾಪಡೆ ಕಾಲೇಜುಗಳ ನಡುವಿನ ಪಂದ್ಯದಲ್ಲಿ ಟೋನಿ ವರ್ನಾ ಎಂಬ ನಿರ್ದೇಶಕ ಟೇಪು ಹಿಂದಕ್ಕೆ ಸುತ್ತಿಸಿ, ಆಗಷ್ಟೇ ಆದದ್ದನ್ನು ಇನ್ನೊಮ್ಮೆ ತೋರಿಸಿದ. ಅದಕ್ಕೆ ಬಳಸಿದ ಯಂತ್ರದ ತೂಕ ಅರ್ಧ ಟನ್‌ಗೂ ಹೆಚ್ಚು. ಸೇನೆಯವರು ಎರಡನೇ ಸಲ ಅಂಕ ಗಳಿಸಿಲ್ಲ ಎಂದು ವೀಕ್ಷಕ ವಿವರಣೆಕಾರ ಜನರಿಗೆ ಬಿಡಿಸಿ ಹೇಳಬೇಕಾಯಿತು.

ವಿಎಆರ್ ಅಂದರೆ ಯಂತ್ರವೋ ಮನುಷ್ಯನೋ?

ಮನುಷ್ಯ. ವಿಡಿಯೋ ಅಸಿಸ್ಟೆಂಟ್ ರೆಫರಿ, ಅಂದರೆ ಪರದೆಯ ಮುಂದೆ ಕೂತ ಇನ್ನೊಬ್ಬ ರೆಫರಿ. ಜೊತೆಗೆ ಸಹಾಯಕರು, ಬೇಕಾದ ಕೋನ ತೆಗೆದುಕೊಡುವ ಆಪರೇಟರ್‌ಗಳು. ರಷ್ಯಾದಲ್ಲಿ ಪಂದ್ಯ ಯಾವ ಊರಲ್ಲೇ ನಡೆಯಲಿ, ಇವರೆಲ್ಲ ಮಾಸ್ಕೋದ ಒಂದೇ ಕೋಣೆಯಲ್ಲಿದ್ದರು. ಅದೂ ರೆಫರಿ ಜರ್ಸಿ ತೊಟ್ಟೇ! ಎಸಿ ಕೋಣೆಯಲ್ಲಿ ಕೂತವರಿಗೆ ಜರ್ಸಿ ಯಾಕೆ ಎಂದು ನಮ್ಮ ಶೆಡ್ಡಿನಲ್ಲಿ ಒಂದು ಇಡೀ ಸಂಜೆ ನಕ್ಕಿದ್ದೇವೆ.

2016ರ ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಕಪ್ ಪಂದ್ಯವೊಂದರಲ್ಲಿ ಇದರ ಪ್ರಯೋಗ ನಡೆಯಿತು. 2018ರ ಮಾರ್ಚ್‌ನಲ್ಲಿ ಆಟದ ನಿಯಮ ಮಾಡುವ ಐಎಫ್‌ಎಬಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ವಿಶ್ವಕಪ್‌ಗೆ ಬಂತು.

ಹಾಗಾದರೆ ತಪ್ಪು ಕಾರ್ನರ್ ಕೊಟ್ಟಾಗ ಯಾಕೆ ಸುಮ್ಮನಿದ್ದರು?

2018ರಲ್ಲಿ ನಿಯಮ ಬಂದಾಗ ಅದಕ್ಕೆ ನಾಲ್ಕೇ ಬಾಗಿಲು ಇಟ್ಟಿದ್ದರು: ಗೋಲು ಹೌದೋ ಅಲ್ಲವೋ, ಪೆನಾಲ್ಟಿ ಹೌದೋ ಅಲ್ಲವೋ, ನೇರ ಕೆಂಪು ಕಾರ್ಡ್, ಮತ್ತೆ ಒಬ್ಬನ ಕಾರ್ಡು ಇನ್ನೊಬ್ಬನಿಗೆ ಹೋದರೆ ಅದು. ಎಲ್ಲವನ್ನೂ ನೋಡುತ್ತ ಕೂತರೆ ತೊಂಬತ್ತು ನಿಮಿಷದ ಆಟ ಬಯಲಾಟದ ಹಾಗೆ ಬೆಳಗಿನ ತನಕ ಸಾಗೀತು ಎಂಬ ಭಯ.

ಇದಕ್ಕೂ ಮಿಗಿಲಾದ ಷರತ್ತು ಇನ್ನೊಂದಿದೆ. ತಪ್ಪು ಎದ್ದು ಕಾಣುವಂಥದ್ದಾಗಿರಬೇಕು. "ಕೊಟ್ಟಿದ್ದರೂ ನಡೆಯುತ್ತಿತ್ತು, ಕೊಡದಿದ್ದರೂ ನಡೆಯುತ್ತಿತ್ತು" ಅನ್ನುವ ಕಡೆ ಮೈದಾನದ ರೆಫರಿ ಹೇಳಿದ್ದೇ ಉಳಿಯುತ್ತದೆ. ಒಂದೇ ಥರದ ಎರಡು ಫೌಲಿಗೆ ಎರಡು ಥರದ ತೀರ್ಪು ಬರುವುದು ಹೀಗೆ. ಒಂದರಲ್ಲಿ ರೆಫರಿ ಕೊಟ್ಟಿದ್ದ, ಇನ್ನೊಂದರಲ್ಲಿ ಕೊಟ್ಟಿರಲಿಲ್ಲ, ಎರಡನ್ನೂ ವಿಎಆರ್ ಮುಟ್ಟಲಿಲ್ಲ. ಜಗಳದ ಮುಕ್ಕಾಲು ಪಾಲು ಇಲ್ಲೇ ಹುಟ್ಟುವುದು. ಆಫ್‌ಸೈಡ್‌ಗೆ ಈ ವಿನಾಯಿತಿ ಇಲ್ಲ, ಅಲ್ಲಿ ಕೂದಲೆಳೆಯಾದರೂ ಲೆಕ್ಕಕ್ಕೆ ಬರುತ್ತದೆ.

ಆಫ್‌ಸೈಡ್ ಆಟಗಾರ ಮುಂದಿದ್ದದ್ದು ಕಣ್ಣಿಗೇ ಕಂಡಿತು. ಗೆರೆ ಎಳೆದಾಗ ಹಿಂದೆ ಬಂದ. ಮೋಸ ಅಲ್ಲವೇ?

ಈ ಪ್ರಶ್ನೆ ಕೇಳಿದ್ದು ಶಿರಸಿ ಕಡೆಯ ಗೆಳೆಯ. ಉತ್ತರ ಅವನ ತೋಟದಲ್ಲೇ ಸಿಕ್ಕಿತು. ಅಡಿಕೆ ಮರಗಳನ್ನು ಸಾಲು ಹಿಡಿದು ನೆಟ್ಟಿರುತ್ತಾರೆ. ಸಾಲಿನ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಮೊದಲ ಮರದ ಹಿಂದೆ ಉಳಿದವೆಲ್ಲ ಅಡಗಿಬಿಡುತ್ತವೆ. ಎರಡು ಹೆಜ್ಜೆ ಬಲಕ್ಕೆ ಸರಿಯಿರಿ. ಈಗ ಎರಡನೇ ಮರ ಮೊದಲನೆಯದಕ್ಕಿಂತ ಬಲಕ್ಕೆ, ಮೂರನೆಯದು ಇನ್ನೂ ಬಲಕ್ಕೆ ಹೋಗಿರುತ್ತದೆ. ಮರ ಯಾವುದೂ ಅಲುಗಿಲ್ಲ, ಸರಿದದ್ದು ನೀವು.

ಮುಖ್ಯ ಕ್ಯಾಮೆರಾ ಮಧ್ಯಗೆರೆಯ ನೇರಕ್ಕಿದೆ, ಆಫ್‌ಸೈಡ್ ಆಗುವುದು ಪೆಟ್ಟಿಗೆಯ ಹತ್ತಿರ. ಅಂದರೆ ನಾವು ಸದಾ ಸಾಲಿನಿಂದ ಮೂವತ್ತು ನಲವತ್ತು ಹೆಜ್ಜೆ ಆಚೆ ನಿಂತು ನೋಡುತ್ತಿದ್ದೇವೆ. ಆಚೆ ಬದಿಯ ಡಿಫೆಂಡರ್ ಮತ್ತು ಈಚೆ ಬದಿಯ ಫಾರ್ವರ್ಡ್ ನಿಜವಾಗಿ ಒಂದೇ ನೇರದಲ್ಲಿದ್ದರೂ ನಮಗೆ ಹಾಗೆ ಕಾಣುವುದಿಲ್ಲ. ಹುಲ್ಲಿನ ಪಟ್ಟೆ ನೋಡಿ ಅಳೆಯಿರಿ ಅನ್ನುತ್ತೇನೆ. ಪಟ್ಟೆಗಳು ಗೋಲು ಗೆರೆಗೆ ಸಮಾನಾಂತರ, ಪರದೆಯಲ್ಲಿ ಮಾತ್ರ ವಾಲಿ ಕಾಣುತ್ತವೆ. ಕಂಪ್ಯೂಟರ್ ಎಳೆಯುವ ಗೆರೆಯೂ ಹಾಗೇ ವಾಲಿರಬೇಕು. ನೆಟ್ಟಗೆ ಲಂಬವಾಗಿ ನಿಂತಿದ್ದರೆ ಆಗ ಅನುಮಾನ ಪಡಿ.

ಗಾಳಿಯಲ್ಲಿರುವ ಭುಜ, ಮಂಡಿಗಳಿಗೆ ಇನ್ನೊಂದು ತೊಡಕು. ಮೊದಲು ಅಲ್ಲಿಂದ ನೆಲಕ್ಕೆ ತೂಗುಗುಂಡು ಇಳಿಬಿಟ್ಟಂತೆ ಲಂಬ ಗೆರೆ ಇಳಿಸಿ, ಆಮೇಲೆ ಅಡ್ಡಗೆರೆ ಎಳೆಯಬೇಕು. ಕೈ ಲೆಕ್ಕಕ್ಕಿಲ್ಲ, ಕಂಕುಳ ಕೆಳಗಿನ ಮಟ್ಟದ ತನಕ ಭುಜ.

ಮೂರು ಬೆರಳಷ್ಟು ಆಫ್‌ಸೈಡ್ ಅಂತ ಗೋಲು ರದ್ದು ಮಾಡಿದರಲ್ಲ, ಅಷ್ಟು ನಿಖರವಾಗಿ ಹೇಳಲು ಸಾಧ್ಯವೇ?

ಹಳೆಯ ವಿಧಾನದಲ್ಲಿ ಕಷ್ಟವಿತ್ತು. ಯಾಕೆಂದು ಲೆಕ್ಕ ಹಾಕಿ ನೋಡಿ. ಆಫ್‌ಸೈಡ್ ಅಳೆಯುವುದು ಚೆಂಡು ಒದ್ದ ಕ್ಷಣದಲ್ಲಿ. ಸಾಮಾನ್ಯ ಪ್ರಸಾರದ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ಹಿಡಿಯುತ್ತದೆ ಅಂದುಕೊಳ್ಳೋಣ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಓಡುವ ಆಟಗಾರ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಸುಮಾರು 17 ಸೆಂ.ಮೀ. ಮುಂದೆ ಹೋಗಿರುತ್ತಾನೆ. ಅದೇ ಹೊತ್ತಿಗೆ ಡಿಫೆಂಡರ್ ಅಷ್ಟೇ ವೇಗದಲ್ಲಿ ಎದುರಿಗೆ ಬರುತ್ತಿದ್ದರೆ ಅಂತರ 33 ಸೆಂ.ಮೀ. ಬದಲಾಯಿತು. ಕಾಲು ಚೆಂಡಿಗೆ ತಾಗಿದ್ದು ಈ ಚಿತ್ರದಲ್ಲೋ ಮುಂದಿನದರಲ್ಲೋ ಎಂದು ಆರಿಸುವವನು ಮನುಷ್ಯ. ಅಳತೆಪಟ್ಟಿಯಲ್ಲಿ ಮಿಲಿಮೀಟರ್ ಇತ್ತು, ಹಿಡಿದ ಕೈ ಮಾತ್ರ ಅಷ್ಟು ಗಟ್ಟಿ ಇರಲಿಲ್ಲ. ನನ್ನನ್ನು ಕೇಳಿದರೆ ಆ ಕಾಲದ ಕಂಕುಳ ಆಫ್‌ಸೈಡ್‌ಗಳಲ್ಲಿ ಎಷ್ಟೋ ತೀರ್ಪುಗಳನ್ನು ಗೋಲು ಎಂದೇ ಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಕತಾರ್‌ನಲ್ಲಿ ಬಂದ ಅರೆ ಸ್ವಯಂಚಾಲಿತ ವ್ಯವಸ್ಥೆ ಈ ದೋಷವನ್ನು ಬಹಳ ಕಮ್ಮಿ ಮಾಡಿತು. ಚಾವಣಿಯ ಕೆಳಗೆ 12 ಕ್ಯಾಮೆರಾ, ಒಬ್ಬೊಬ್ಬ ಆಟಗಾರನ ಮೈಮೇಲೆ 29 ಬಿಂದು, ಸೆಕೆಂಡಿಗೆ 50 ಸಲ ಲೆಕ್ಕ. ಚೆಂಡಿನೊಳಗೊಂದು ಸೆನ್ಸರ್, ಅದು ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತದೆ. ಹಾಗಾಗಿ ಒದ್ದ ಕ್ಷಣ ಯಾವುದು ಎಂದು ಯಾರೂ ಊಹಿಸಬೇಕಿಲ್ಲ. ಉದ್ಘಾಟನಾ ಪಂದ್ಯದ ಮೂರನೇ ನಿಮಿಷದಲ್ಲೇ ಈಕ್ವೆಡಾರ್‌ನ ಎನ್ನರ್ ವ್ಯಾಲೆನ್ಸಿಯಾ ಹೊಡೆದ ಗೋಲನ್ನು ಅದು ಅಳಿಸಿತು. ನಮ್ಮ ಶೆಡ್ಡಿನಲ್ಲಿ ಪಟಾಕಿ ಹೊತ್ತಿಸಿ ಆಗಿತ್ತು.

ಲೈನ್ಸ್‌ಮನ್ ಅಷ್ಟು ತಡವಾಗಿ ಬಾವುಟ ಎತ್ತುತ್ತಾನಲ್ಲ, ನಿದ್ದೆಯೇ?

ಅಲ್ಲ, ಹಾಗೆ ಮಾಡಲು ಹೇಳಿದ್ದಾರೆ. ಗೋಲಾಗುವ ಸಂಭವ ಇದ್ದರೆ ಬಾವುಟ ಕೆಳಗಿಟ್ಟು ಆ ದಾಳಿ ಮುಗಿಯಲು ಬಿಡಬೇಕು. ತಪ್ಪಾಗಿ ಎತ್ತಿ ಆಟ ನಿಂತರೆ ಹೋದ ಗೋಲನ್ನು ವಿಡಿಯೋ ಮರಳಿ ಕೊಡಲಾರದು.

ಚೆಂಡು ಗೆರೆಯ ಆಚೆ ಬಿದ್ದಿತ್ತು. ಆದರೂ ಔಟ್ ಅಲ್ಲ ಅಂದರು. ಹೇಗೆ?

ನಮ್ಮೂರಲ್ಲೇ ಇದರ ಮೇಲೆ ದೊಡ್ಡ ರಾಮಾಯಣ ಆಗಿದೆ. ಒಂದು ಪಂದ್ಯಾವಳಿಯಲ್ಲಿ ಗೋಲಿಯ ಕೈಗೆ ತಾಗಿ ಚೆಂಡು ಗೆರೆಯ ಮೇಲೆ ಕುಪ್ಪಳಿಸಿತು. ರೆಫರಿ ಗೋಲು ಕೊಡಲಿಲ್ಲ. ಕಾರ್ನರ್ ಬಾವುಟದ ಹತ್ತಿರ ಬಿದಿರು ಗಳಕ್ಕೆ ಮೊಬೈಲ್ ಕಟ್ಟಿ ಯೂಟ್ಯೂಬ್‌ಗೆ ಬಿಡುತ್ತಿದ್ದೆವು. ಅದರಲ್ಲಿ ನೋಡಿದರೆ ಚೆಂಡಿಗೂ ಗೆರೆಗೂ ನಡುವೆ ಮಣ್ಣು ಕಾಣುತ್ತದೆ! ಸೋತವರು ರಾತ್ರಿ ಹನ್ನೊಂದರವರೆಗೆ ಆ ಹತ್ತು ಸೆಕೆಂಡನ್ನು ಹಿಡಿದುಕೊಂಡು ಕೂತರು.

ಮರುದಿನ ಬೆಳಿಗ್ಗೆ ಅದೇ ಚೆಂಡು ತಂದು, ಅಳಿಸಿಹೋಗಿದ್ದ ಸುಣ್ಣದ ಗೆರೆ ಮತ್ತೆ ಎಳೆದು, ಅದೇ ಗಳಕ್ಕೆ ಅದೇ ಮೊಬೈಲ್ ಕಟ್ಟಿದೆವು. ಫುಟ್‌ಬಾಲ್‌ನ ಅಗಲ ಸುಮಾರು 22 ಸೆಂ.ಮೀ., ಆದರೆ ನೆಲಕ್ಕೆ ತಾಗುವುದು ರೂಪಾಯಿ ನಾಣ್ಯದಷ್ಟು ಜಾಗ. ತಾಗಿದ ಜಾಗವನ್ನು ಗೆರೆಯ ಹೊರ ಅಂಚಿನಿಂದ ನಾಲ್ಕು ಬೆರಳು ಆಚೆಗಿಟ್ಟೆವು. ಮೊಬೈಲ್‌ನಲ್ಲಿ ಮಣ್ಣು ಕಂಡಿತು. ಆಮೇಲೆ ಒಬ್ಬ ಹುಡುಗನನ್ನು ಗೋಲ್‌ಪೋಸ್ಟ್ ಮೇಲೆ ಹತ್ತಿಸಿ ನೇರ ಮೇಲಿಂದ ಫೋಟೋ ತೆಗೆಸಿದೆವು. ಚೆಂಡಿನ ಹೊಟ್ಟೆ ಇನ್ನೂ ಗೆರೆಯ ಮೇಲೇ ಇತ್ತು. ನಿಯಮ ಹೇಳುವುದು ಇಡೀ ಚೆಂಡು ಇಡೀ ಗೆರೆ ದಾಟಬೇಕು ಎಂದು. ಹುಡುಗ ಮೇಲಿನಿಂದಲೇ "ಮಾಮಾ, ತಾಗಿದೆ, ತಾಗಿದೆ!" ಎಂದು ಕೂಗಿದ. ಸೋತ ತಂಡದ ನಾಯಕ ಫೋಟೋ ನೋಡಿ, ಏನೂ ಹೇಳದೆ ಚಾ ಕುಡಿಯಲು ಹೋದ.

2022ರ ಡಿಸೆಂಬರ್ 1ರಂದು ಸ್ಪೇನ್ ವಿರುದ್ಧ ಜಪಾನ್ ಹೊಡೆದ ಎರಡನೇ ಗೋಲೂ ಇದೇ ಕತೆ. ಮಿಟೋಮಾ ಚೆಂಡನ್ನು ಮೈದಾನದೊಳಕ್ಕೆ ತಳ್ಳಿದಾಗ ಬದಿಯ ಕ್ಯಾಮೆರಾದಲ್ಲಿ ಹಸಿರು ಹುಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು, ಮೇಲಿನಿಂದ ನೋಡಿದರೆ ಅಂಚು ಗೆರೆಯ ಮೇಲಿತ್ತು. ಜಪಾನ್ 2-1ರಿಂದ ಗೆದ್ದಿತು, ಜರ್ಮನಿ ಮನೆಗೆ ಹೋಯಿತು.

ಗೋಲಾಯಿತೋ ಇಲ್ಲವೋ ಎಂದು ರೆಫರಿಯ ವಾಚು ಹೇಳುತ್ತದಂತೆ, ಹೌದೇ?

ಹೌದು, ಅದು ಗೋಲ್‌ಲೈನ್ ತಂತ್ರಜ್ಞಾನ. ವಿಎಆರ್‌ಗಿಂತ ಬೇರೆ, ಅದಕ್ಕಿಂತ ಮೊದಲು ಬಂದದ್ದು. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡ್‌ನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯ ಒಳಗೆ ಬಿದ್ದು ಹೊರಗೆ ಪುಟಿಯಿತು. ಜಗತ್ತೆಲ್ಲ ಕಂಡಿತು, ರೆಫರಿ ಕಾಣಲಿಲ್ಲ. 2012ರಲ್ಲಿ ಐಎಫ್‌ಎಬಿ ಈ ತಂತ್ರಕ್ಕೆ ಒಪ್ಪಿತು. 2014ರ ಬ್ರೆಜಿಲ್‌ನಲ್ಲಿ ಒಂದು ಗೋಲಿಗೆ ಏಳರಂತೆ 14 ಕ್ಯಾಮೆರಾ ಇದ್ದವು. ಚೆಂಡು ಪೂರ್ತಿ ದಾಟಿದರೆ ಒಂದು ಸೆಕೆಂಡಿನೊಳಗೆ ವಾಚು ನಡುಗುತ್ತದೆ. ಮನುಷ್ಯನ ತೀರ್ಮಾನಕ್ಕೆ ಇಲ್ಲಿ ಜಾಗವೇ ಇಲ್ಲ, ಹಾಗಾಗಿ ಜಗಳವೂ ಇಲ್ಲ.

ಯಂತ್ರ ತಪ್ಪುವುದೇ ಇಲ್ಲವೇ?

ತಪ್ಪುತ್ತದೆ. 2020ರ ಜೂನ್ 17ರಂದು ಆಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್ ಪಂದ್ಯದಲ್ಲಿ ಗೋಲಿ ಚೆಂಡನ್ನು ಅಪ್ಪಿಕೊಂಡೇ ಗೆರೆಯಾಚೆ ಹೋದ. ಗೋಲಿ, ಡಿಫೆಂಡರ್, ಕಂಬ ಎಲ್ಲ ಅಡ್ಡ ಬಂದು ಏಳೂ ಕ್ಯಾಮೆರಾಗಳಿಗೆ ಚೆಂಡು ಕಾಣಲಿಲ್ಲ. ವಾಚು ಸುಮ್ಮನಿತ್ತು. ಪಂದ್ಯ 0-0. ವ್ಯವಸ್ಥೆ ನೋಡಿಕೊಳ್ಳುವ ಹಾಕ್-ಐ ಕ್ಷಮೆ ಕೇಳಿತು.

ಮನುಷ್ಯರ ತಪ್ಪು ಇನ್ನೂ ತಮಾಷೆಯದು. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಹೊಡೆದ ಗೋಲಿಗೆ ಲೈನ್ಸ್‌ಮನ್ ಆಫ್‌ಸೈಡ್ ಎತ್ತಿದ. ಕೋಣೆಯವರು ಗೆರೆ ಎಳೆದು ನೋಡಿದರು, ಆಫ್‌ಸೈಡ್ ಅಲ್ಲ. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದು ಭಾವಿಸಿ "ಚೆಕ್ ಮುಗಿಯಿತು" ಅಂದುಬಿಟ್ಟರು. ಅಂದರೆ ಆಫ್‌ಸೈಡೇ ಖಾಯಂ. ತಪ್ಪು ಗೊತ್ತಾಗುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು, ನಿಯಮದ ಪ್ರಕಾರ ಹಿಂದಕ್ಕೆ ಹೋಗುವಂತಿಲ್ಲ. ಆ ಮಾತುಕತೆಯ ಧ್ವನಿಯನ್ನು ಆಮೇಲೆ ಬಹಿರಂಗ ಮಾಡಿದರು. ಕೇಳಿದರೆ ಅಯ್ಯೋ ಅನ್ನಿಸುತ್ತದೆ.

ಸ್ಲೋ ಮೋಷನ್‌ನಲ್ಲಿ ಎಲ್ಲ ಫೌಲೂ ಕೊಲೆಯ ಹಾಗೆ ಕಾಣುತ್ತದಲ್ಲ?

ಕಾಣುತ್ತದೆ. ಮೀನು ಹೆಚ್ಚುವ ಕತ್ತಿಯನ್ನೂ ನಿಧಾನಕ್ಕೆ ತೋರಿಸಿದರೆ ಎದೆ ಝಲ್ಲೆನ್ನುತ್ತದೆ. ನಿಧಾನವಾದಾಗ ಆಟಗಾರನಿಗೆ ಯೋಚಿಸಲು ಬೇಕಾದಷ್ಟು ಹೊತ್ತಿತ್ತು, ಬೇಕಂತಲೇ ಮಾಡಿದ ಅನ್ನಿಸುತ್ತದೆ. ಅದಕ್ಕೇ ರೆಫರಿಗಳಿಗೆ ಒಂದು ಸೂಚನೆ ಇದೆ. ತಾಗಿತೋ ಇಲ್ಲವೋ, ಎಲ್ಲಿ ತಾಗಿತು ಎಂದು ನೋಡಲು ಸ್ಲೋ ಮೋಷನ್. ಎಷ್ಟು ಜೋರಾಗಿ ತಾಗಿತು ಎಂದು ತೂಗಲು ಮಾಮೂಲು ವೇಗ.

2018ರ ಫೈನಲ್‌ನಲ್ಲಿ ಕ್ರೊವೇಷಿಯಾದ ಪೆರಿಶಿಚ್ ಕೈಗೆ ಚೆಂಡು ತಾಗಿದಾಗ ರೆಫರಿ ನೆಸ್ಟರ್ ಪಿಟಾನಾ ಬದಿಗೆರೆಯ ಪರದೆಗೆ ಹೋಗಿ ನೋಡಿ, ತಿರುಗಿ, ಮತ್ತೆ ಬಗ್ಗಿ ನೋಡಿ ಪೆನಾಲ್ಟಿ ಕೊಟ್ಟರು. ಗ್ರೀಝ್‌ಮನ್ ಹೊಡೆದರು. ಫ್ರಾನ್ಸ್ 4-2ರಿಂದ ಗೆದ್ದಿತು. ಜುಲೈ 15, ಹೊರಗೆ ಮಳೆ ಹೊಯ್ಯುತ್ತಿತ್ತು. ಆ ಕೈ ಬೇಕಂತ ಬಂತೋ ತಾನಾಗಿ ಬಂತೋ ಎಂದು ನಮ್ಮಲ್ಲಿ ಇವತ್ತಿಗೂ ಎರಡು ಪಕ್ಷ. ನಾನು 'ತಾನಾಗಿ' ಪಕ್ಷದವನು.

ನಮ್ಮ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ವಿಎಆರ್ ಇದ್ದಿದ್ದರೆ ಬೆಂಗಳೂರು–ಕೇರಳ ಗಲಾಟೆ ಆಗುತ್ತಿರಲಿಲ್ಲ ಅಲ್ಲವೇ?

2014ರಲ್ಲಿ ಶುರುವಾದ ಐಎಸ್‌ಎಲ್ ಮೊದಲ ಹತ್ತು ಸೀಸನ್ ವಿಎಆರ್ ಇಲ್ಲದೇ ಆಡಿತು, ಅದು ನಿಜ. ಆದರೆ 2023ರ ಮಾರ್ಚ್ 3ರ ಕಂಠೀರವದ ಪ್ರಕರಣ ಕ್ಯಾಮೆರಾದ ಪ್ರಶ್ನೆಯೇ ಅಲ್ಲ. ಹೆಚ್ಚುವರಿ ಸಮಯದಲ್ಲಿ ಕೇರಳದವರು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಸುನಿಲ್ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ರೆಫರಿ ಒಪ್ಪಿದರು, ಕೇರಳ ಮೈದಾನ ಬಿಟ್ಟು ಹೋಯಿತು, ಕೊನೆಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಚೆಂಡು ಎಲ್ಲಿತ್ತು, ಯಾರು ಒದ್ದರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸೀಟಿ ಊದುವವರೆಗೆ ಕಾಯಿರಿ ಎಂದು ರೆಫರಿ ಹೇಳಿದ್ದರೋ ಇಲ್ಲವೋ ಎಂಬುದಷ್ಟೇ ವಾದ. ಅದನ್ನು ಯಾವ ಕೋನದಿಂದ ತೋರಿಸುತ್ತೀರಿ?

ಅಂದ ಹಾಗೆ ವಿಎಆರ್ ನಮಗೆ ತೀರಾ ದೂರದ್ದೇನಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್‌ನಲ್ಲಿ ಅದನ್ನು ಬಳಸಿದ್ದರು. ಸೆಮಿಫೈನಲ್‌ಗಳು ಫತೋರ್ಡಾದಲ್ಲೇ ಆದವು, ಇಲ್ಲಿಂದ 70 ಕಿ.ಮೀ. ಅಷ್ಟೇ.

ಮೂರ್ನಾಲ್ಕು ಕ್ಯಾಮೆರಾ ಇರುವ ಸಣ್ಣ ಲೀಗುಗಳಿಗೆ ದಾರಿಯಿಲ್ಲವೇ?

ಒಂದು ಬಂದಿದೆ. 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಫಿಫಾ 'ಫುಟ್‌ಬಾಲ್ ವಿಡಿಯೋ ಸಪೋರ್ಟ್' ಎಂಬುದನ್ನು ಪ್ರಯೋಗಿಸಿತು. ಕೋಣೆಯಲ್ಲಿ ಕೂರುವ ರೆಫರಿ ಇಲ್ಲ. ಕೋಚ್‌ಗೆ ಪಂದ್ಯಕ್ಕೆ ಎರಡು ಸಲ ಮರುಪರಿಶೀಲನೆ ಕೇಳುವ ಅವಕಾಶ. ಕೇಳಿದರೆ ಮೈದಾನದ ರೆಫರಿಯೇ ಪರದೆ ನೋಡುತ್ತಾರೆ. ಕೇಳಿದ್ದು ಸರಿಯಾದರೆ ಅವಕಾಶ ಉಳಿಯುತ್ತದೆ. ಕ್ರಿಕೆಟ್ ನೋಡುವವರಿಗೆ ಇದು ಬೇಗ ತಿಳಿಯುತ್ತದೆ. ಅಮೆರಿಕದ ಫುಟ್‌ಬಾಲ್‌ನಲ್ಲಿ, ಅದೇ ಹೆಲ್ಮೆಟ್ ಹಾಕಿಕೊಂಡು ಆಡುತ್ತಾರಲ್ಲ ಅದರಲ್ಲಿ, ಕೋಚ್ ಕೆಂಪು ಬಟ್ಟೆ ಎಸೆದು ಕೇಳುವ ಪದ್ಧತಿ 1999ರಿಂದ ಇದೆ.

ಪಕ್ಕದ ಮನೆಯವರು ನಮಗಿಂತ ಮೊದಲೇ "ಗೋಲ್" ಅನ್ನುತ್ತಾರಲ್ಲ, ಯಾಕೆ?

ನೀವು ಮೊಬೈಲ್ ಆ್ಯಪಿನಲ್ಲಿ ನೋಡುತ್ತಿದ್ದೀರಿ, ಅವರು ಡಿಶ್‌ನಲ್ಲಿ. ಉಪಗ್ರಹ 36,000 ಕಿ.ಮೀ. ಎತ್ತರದಲ್ಲಿದ್ದರೂ ಸಂಕೇತ ಹೋಗಿ ಬರಲು ಕಾಲು ಸೆಕೆಂಡು ಸಾಕು. ಇಂಟರ್ನೆಟ್‌ನಲ್ಲಿ ದೃಶ್ಯವನ್ನು ತುಂಡು ತುಂಡು ಮಾಡಿ ಕಳಿಸಿ, ನಿಮ್ಮ ಮೊಬೈಲ್ ಕೆಲವನ್ನು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಅರ್ಧ ನಿಮಿಷದವರೆಗೂ ತಡವಾಗಬಹುದು. ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ಜೋರು ಮಳೆ ಬಂದಾಗ ಡಿಶ್ ಕೈಕೊಡುತ್ತದೆ, ಕೇಬಲ್‌ನವರದು ಮಾತ್ರ ಬರುತ್ತಿರುತ್ತದೆ. ಹೇಗೆ?

ಮನೆಯ ಸಣ್ಣ ಡಿಶ್ ಹಿಡಿಯುವ ಅಲೆಗಳ ಉದ್ದ ಎರಡೂವರೆ ಸೆಂ.ಮೀ. ಆಸುಪಾಸು. ನಮ್ಮ ಆಷಾಢದ ಹನಿಗಳು ಅದನ್ನು ಹೀರಿ ಚದುರಿಸಿಬಿಡುತ್ತವೆ. ಕೇಬಲ್‌ನವರ ದೊಡ್ಡ ಛತ್ರಿ ಹಿಡಿಯುವುದು ಅದರ ಮೂರು ಪಟ್ಟು ಉದ್ದದ ಅಲೆಯನ್ನು, ಮಳೆ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಜೂನ್-ಜುಲೈನ ವಿಶ್ವಕಪ್‌ಗೆ ನಾವು ಶೆಡ್ಡಿಗೆ ಕೇಬಲನ್ನೇ ಎಳೆಸುವುದು ಅದಕ್ಕೆ. ಕರೆಂಟು ಹೋದರೆ ಜನರೇಟರಿಗೆ ತಲೆಗೆ ಇಪ್ಪತ್ತು ರೂಪಾಯಿ, ಆಟ ಶುರುವಾಗುವ ಮೊದಲೇ ಕೊಡಬೇಕು. ಪೆನಾಲ್ಟಿ ಶೂಟೌಟ್ ಹೊತ್ತಿಗೆ ಯಾರ ಜೇಬಿನಲ್ಲೂ ಚಿಲ್ಲರೆ ಇರುವುದಿಲ್ಲ.